‘ಆ’ ಅಂದಾಗ ಕಾಣದ್ದು

ಜೂನ್ 3, ಬೆಳಿಗ್ಗೆ

ಧೂಳು ಒರೆಸುವಾಗ ಕಣ್ಣಿಗೆ ಬಿತ್ತು — ಎಂ.ಎ. ಓದುವಾಗಿನ ವ್ಯಾಕರಣ ಪುಸ್ತಕದ ಮೂಲೆಯಲ್ಲಿ ಹಲ್ಲಿನ ಗುರುತು. ಮೇಲಿನ ನಾಲ್ಕು ಹಲ್ಲು, ಸಾಲಾಗಿ, ಅಕ್ಕಿಕಾಳಿನಷ್ಟು. ಬುಗುರಿಯದು. ಅಕ್ಕನ ಮಗಳು, ನಿಂತಲ್ಲಿ ನಿಲ್ಲದವಳು, ಅದಕ್ಕೇ ಆ ಹೆಸರು. ಎರಡು ವರ್ಷ ತುಂಬುವವರೆಗೆ ನಮ್ಮಲ್ಲೇ ಬೆಳೆದಳು, ನನ್ನ ಪಕ್ಕದಲ್ಲೇ ಮಲಗಿದಳು. “ಸಣ್ಣಮ್ಮ” ಅನ್ನುವುದನ್ನು ಕಲಿತದ್ದೂ ಆ ಹಾಸಿಗೆಯಲ್ಲೇ. ಅವಳನ್ನು ಕರೆದುಕೊಂಡು ಅಕ್ಕ ಭಾವನ ಊರಿಗೆ ಹೋಗಿ ವರ್ಷವಾಯಿತು. ಹಾಸಿಗೆಯ ಆ ಬದಿಗೆ ನಾನಿನ್ನೂ ಹೊರಳುವುದಿಲ್ಲ.

ನಾಳೆ ಬರುತ್ತಾರಂತೆ. ಮಗುವಿಗೆ ಜ್ವರ, ನಮ್ಮ ಡಾಕ್ಟರಿಗೇ ತೋರಿಸಬೇಕಂತೆ. ನಮ್ಮ ಅಂದರೆ — ಮಕ್ಕಳ ಡಾಕ್ಟರು. ನಾನು ಅವರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು, ಟಾರ್ಚ್ ಹಿಡಿಯುವವಳು.

ಜೂನ್ 7

ಹೋದರು. ಮನೆ ಮತ್ತೆ ದೊಡ್ಡದಾಯಿತು.

ಅವತ್ತು ಕ್ಲಿನಿಕ್ಕಿನಲ್ಲಿ “ಆ ಅನ್ನು ಕಂದಾ” ಅಂದರು ಡಾಕ್ಟರು. ಅಂದಳು. ಅವರ ಕಣ್ಣು ನೇರ ಗಂಟಲಿಗೆ ಹೋಯಿತು. ನನ್ನದು ದಾರಿಯಲ್ಲೇ ನಿಂತಿತು. ಮೇಲಿನ ನಾಲ್ಕೂ ಕಂದು, ಅಂಚು ಉದುರಿ...

“ಹಲ್ಲು ಯಾಕೆ ಹೀಗಾಗಿದೆ ಡಾಕ್ಟ್ರೇ?” ಅಕ್ಕ ಕೇಳಿದಳು.

“ಹಾಲುಹಲ್ಲು ತಾನೇ. ಬಿದ್ದೇ ಬೀಳುತ್ತೆ ಬಿಡಮ್ಮ.”

ಜ್ವರ ಇಳಿಯಿತು. ಒಳ್ಳೆಯ ಡಾಕ್ಟರೇ. ಆದರೆ ಬುಗುರಿ ಈಗ ಏನನ್ನೂ ಕಚ್ಚುವುದಿಲ್ಲ. ಪುಸ್ತಕ ಕೊಟ್ಟು ನೋಡಿದೆ. ತಿರುಗಿಸಿ ವಾಪಸು ಕೊಟ್ಟಳು. ಮೂರು ವರ್ಷಕ್ಕೇ ಎಷ್ಟು ಮರ್ಯಾದೆ.

ಆಗಸ್ಟ್ 12

ಅಕ್ಕನ ಫೋನ್. ಬುಗುರಿಯ ಮೇಲ್ತುಟಿ ಊದಿ, ನೋವಿಗೆ ಊಟ ನಿದ್ದೆ ಎರಡೂ ಬಿಟ್ಟಳಂತೆ. ಹಲ್ಲಿನ ಡಾಕ್ಟರು ನಾಲ್ಕನ್ನೂ ಕಿತ್ತರು. ಹೊಸದು ಬರುವುದಕ್ಕೆ ಇನ್ನೂ ನಾಲ್ಕು ವರ್ಷ.

“ಮೊದಲು ಒಸಡಿನ ಅಂಚಲ್ಲಿ ಬಿಳೀ ಗೆರೆ ಬರುತ್ತಂತೆ ಕಣೇ, ಸೀಮೆಸುಣ್ಣದ ಥರ. ಆಗಲೇ ಕಂಡಿದ್ರೆ ಔಷಧಿ ಹಚ್ಚಿ, ರಾತ್ರಿ ಹಾಲಿನ ಬಾಟಲಿ ಬಿಡಿಸಿದ್ರೆ ಉಳೀತಿತ್ತಂತೆ. ‘ಮಕ್ಕಳ ಡಾಕ್ಟ್ರು ತುಟಿ ಎತ್ತಿ ನೋಡಲೇ ಇಲ್ವಾ’ ಅಂದ್ರು. ಅಲ್ಲಿದ್ದಾಗ ತಿಂಗಳಾ ತಿಂಗಳಾ ತೋರಿಸ್ತಿದ್ವಲ್ಲೇ...”

ಆಗಸ್ಟ್ 20

ವಿಡಿಯೋ ಕಾಲ್. ಬುಗುರಿಯ ಬಾಯಿಗೆ ಅಂಗೈ ಅಡ್ಡ. ತುಂಬಾ ಹೊತ್ತಾದ ಮೇಲೆ ಕೈ ತೆಗೆದು ಕರೆದಳು — “ಹಣ್ಣಮ್ಮ.”

ಸಕಾರ ದಂತ್ಯ. ಹಲ್ಲಿಲ್ಲದೆ ಹುಟ್ಟದು. ಅವಳು ಕಚ್ಚಿದ ಪುಸ್ತಕದಲ್ಲೇ ಇದೆ.

“ಇವಳೆಲ್ಲಿ ಹಣ್ಣು, ಬಾಯೇ ಬಿಡದ ಕಾಯಿ,” ಅಂದಳು ಅಮ್ಮ, ನನ್ನನ್ನು ತೋರಿಸಿ. ಎಲ್ಲರೂ ನಕ್ಕರು, ನಾನೂ. ಬುಗುರಿ ಮತ್ತೆ ಬಾಯಿ ಮುಚ್ಚಿಕೊಂಡಳು.

ಆಮೇಲೆ ಪುಸ್ತಕದ ಮೂಲೆಯ ಮೇಲೆ ಬೆರಳಾಡಿಸಿದೆ. ಆ ನಾಲ್ಕೂ ಈಗಿರುವುದು ಅಲ್ಲಿ ಮಾತ್ರ.

ಆಗಸ್ಟ್ 21

ಡಾಕ್ಟರಿಗೆ ಹೇಳಿಬಿಟ್ಟೆ. ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

“ನಾಲ್ಕೂನಾ?”

ತಲೆಯಾಡಿಸಿದೆ.

“ನಾವು ಓದುವಾಗ ಹಲ್ಲಿಗೆ ಅಂತ ಇದ್ದಿದ್ದು ಒಂದೇ ಕ್ಲಾಸು ಕಣಮ್ಮ. ಹಲ್ಲು ಅಂದ್ರೆ ನಮಗೆ ಬಾಗಿಲು. ಬಾಗಿಲನ್ನ ಯಾರು ನೋಡ್ತಾರೆ, ತೆಗೆದು ಒಳಗೆ ಹೋಗ್ತೀವಿ.” ಟವೆಲ್ಲನ್ನು ಸುಮ್ಮನೆ ಮಡಿಸಿದರು. “ಇನ್ನು ನೋಡ್ತೀನಿ.” ಹೊರಡುವಾಗ, “ಮಕ್ಕಳ ಬಾಯಿ ಬಿಡಿಸಬಹುದು, ನಿನ್ನ ಬಾಯಿ ಬಿಡಿಸೋದೇ ಕಷ್ಟ. ಇವತ್ತಾದ್ರೂ ಮಾತಾಡಿದ್ಯಲ್ಲ.”

ಆಗಸ್ಟ್ 29, ಶುಕ್ರವಾರ

ಡಾಕ್ಟರು ಎರಡು ದಿನ ತುಟಿ ಎತ್ತಿ ನೋಡಿದರು. ಆಮೇಲೆ ಮರೆತರು. ಹೊರಗೆ ಸಾಲು, ಒಳಗೆ ಅಳು — ಕಣ್ಣು ಹಳೇ ದಾರಿಯಲ್ಲೇ ಓಡುತ್ತದೆ.

ಇವತ್ತು ಬಾಟಲಿ ಬಿಡದ ಒಬ್ಬ ಹುಡುಗಿ. ಎರಡು ವರ್ಷವಿರಬಹುದು. “ಆ” ಅಂದಾಗ ಮೇಲ್ತುಟಿ ಪರದೆಯಂತೆ ಇಳಿದಿತ್ತು. ಹೋಗುವಾಗ ತಾಯಿಯ ಹೆಗಲ ಮೇಲಿಂದ ನನ್ನನ್ನು ನೋಡಿ ನಕ್ಕಳು — ಬುಗುರಿಯ ಹಳೆಯ ನಗು, ಬಾಯಿತುಂಬ. ಒಸಡಿನ ಅಂಚಲ್ಲಿ ಬಿಳಿ ಗೆರೆ.

ಕರೆಯುವಷ್ಟರಲ್ಲಿ ಮೆಟ್ಟಿಲಿಳಿದಿದ್ದರು. ಸೋಮವಾರ ಮತ್ತೆ ತೋರಿಸಲು ಬರುತ್ತಾರೆ.

ಮನೆಗೆ ಬಂದು ಕನ್ನಡಿ ಎದುರು ಸ್ವರಗಳನ್ನು ಹೇಳಿ ನೋಡಿಕೊಂಡೆ. ಆ ಅಂದರೆ ಗಂಟಲು ಕಾಣುತ್ತದೆ. ಈ ಅಂದರೆ ಹಲ್ಲು. ನಡುವೆ ಎಷ್ಟು ದೂರ, ಒಂದು ಅಕ್ಷರ.

ಸೋಮವಾರ ಡಾಕ್ಟರು “ಆ” ಅನ್ನಿಸಿದ ಮೇಲೆ ನಾನು ಟಾರ್ಚ್ ಆರಿಸುವುದಿಲ್ಲ. ಅವರು ತಲೆ ಎತ್ತುವ ಮೊದಲೇ, ಎಲ್ಲರೆದುರು, ಬಾಯಿ ಬಿಟ್ಟು ಹೇಳಿಕೊಡುತ್ತೇನೆ. ನೋಡು ಕಂದಾ, ಹೀಗೆ — ಈ...