ಸೇತುವೆಯ ಮೇಲೆ ಒನ್ಸ್ ಮೋರ್

ಕಳವಾ
ಶನಿವಾರ, ೧೧ ಜನವರಿ ೨೦೨೫

ಕೂಡಿದ ಮಹಾಜನರೇ! ತಟ್ಟೆ ಹಿಡಿದು ಸಾಲು ನಿಂತ ಓಟಗಾರ್ತಿಯರೇ, ಚಪಾತಿ ಲಟ್ಟಿಸುವ ತಾಯಂದಿರೇ, ಕಿಟಕಿಯಿಂದ ಇಣುಕುವ ಸಾತಾರಾ ಗುಡ್ಡದ ಗಾಳಿಯೇ! ಸದ್ದಡಗಲಿ! ಕಳವಾ ಊರಿನ ಹುಲಗಪ್ಪ ತನ್ನ ಮಗಳಿಗೆ ಬರೆದ ಪತ್ರ ಈಗ ರಂಗಕ್ಕೆ ಬರುತ್ತಿದೆ. ಮಗಳಿಗೆ ಬರೆದ ಪತ್ರಕ್ಕೆ ಸಭೆ ಯಾಕೆ ಎಂದು ಕೇಳಬೇಡಿ. ನನ್ನ ದಾನಮ್ಮ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಅವಳ ಕಿವಿಗೆ ಇಳಿಯುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದ ನಿಮ್ಮ ಹಾಸ್ಟೆಲಿನ ಅಡುಗೆಯವರು, ಕುಂದಾಪುರದ ಕಡೆಯ ವಸಂತಕುಮಾರರು, ಇದನ್ನು ಗಟ್ಟಿಯಾಗಿ ಓದಬೇಕು. ಒಂದಕ್ಷರ ತಿಳಿಯದ ಹುಡುಗಿಯರೂ ಗದ್ದಲ ಕೇಳುವ ಆಸೆಗೆ ಸುತ್ತ ಕೂಡುತ್ತಾರಂತೆ. ಬರಲಿ, ಬರಲಿ! ಆದರೆ ವಸಂತಕುಮಾರರೇ, ಕಳೆದ ಪತ್ರವನ್ನು ನೀವು ಗಂಜಿ ಬಡಿಸಿದ ಹಾಗೆ ಓದಿದಿರೆಂದು ದೂರು ಬಂದಿದೆ. "ಎಂಥ ಮಾರಾಯ್ರೆ, ಒಲೆ ಮೇಲೆ ಸಾರು ಕುದೀತಾ ಇತ್ತು" ಎಂದು ಫೋನಿನಲ್ಲಿ ನೆವ ಹೇಳಿದಿರಿ. ಈ ಸಲ ಸಾರು ಇಳಿಸಿ, ಎದೆ ಎತ್ತಿ, ಓದಿ.

ಮಗಳೇ ದಾನವ್ವಾ, ಹೇಗಿದ್ದೀ? ಮೊಣಕಾಲಿನ ಹಿಂದಿನ ಆ ನರ ಈಗಲೂ ಹಿಡಿಯುತ್ತದೆಯೇ? ಚಳಿಗೆ ತುಟಿ ಒಡೆದಿದ್ದರೆ ಮಲಗುವಾಗ ಬೆಣ್ಣೆ ಹಚ್ಚಿಕೋ, ನಾಚಿಕೆ ಬೇಡ. ಇಲ್ಲಿ ನಿನ್ನ ಅವ್ವ ಮರಗಮ್ಮ ಗಟ್ಟಿಯಾಗಿದ್ದಾಳೆ; ಅವಳ ನಾಲಿಗೆ ಅವಳಿಗಿಂತ ಗಟ್ಟಿಯಾಗಿದೆ. ಸಂಕ್ರಾಂತಿಗೆಂದು ಶೇಂಗಾ ಹೋಳಿಗೆಯನ್ನೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಕಟ್ಟಿದ್ದಾಳೆ. ತುರ್ಭೆ ಮಾರ್ಕೆಟ್ಟಿನಲ್ಲಿ ನಾನು ಮೂಟೆ ಇಳಿಸುವ ಲಾರಿಯೊಂದು ಇವತ್ತು ಸಂಜೆ ನಿಮ್ಮ ಊರಿನ ಮೇಲೆ ಹಾಯ್ದು ಹೋಗುತ್ತದೆ. ಗಂಟೂ ಪತ್ರವೂ ಅದರಲ್ಲೇ ಬರುತ್ತವೆ. ವಸಂತಕುಮಾರರಿಗೆ ಎರಡು ಹೋಳಿಗೆ ಕೊಡು. ಓದು ಮುಗಿದ ಮೇಲೆ ಕೊಡು, ಮೊದಲೇ ಕೊಟ್ಟರೆ ಬಾಯಿ ತುಂಬಿಕೊಂಡು ಓದುತ್ತಾರೆ.

ಇನ್ನು ಕಥೆಗೆ ಬರುತ್ತೇನೆ. ಹೋದ ತಿಂಗಳು ನೀನು ಫೋನು ಮಾಡಿ ಒಂದು ಮಾತು ಕೇಳಿದೆ. "ಪಪ್ಪಾ, ಭಾಗ್ ಕೇ ಹೋತಾ ಕ್ಯಾ ಹೈ? ಕೋಯೀ ದೇಖತಾ ಭೀ ನಹೀ." ಓಡಿ ಆಗುವುದಾದರೂ ಏನು, ನೋಡುವವರೂ ಇಲ್ಲ, ಎಂದೆ. ರಾಜ್ಯಮಟ್ಟದ ಹತ್ತು ಸಾವಿರ ಮೀಟರಿನಲ್ಲಿ ನೀನು ಕೊನೆಯ ಸುತ್ತು ಮುಗಿಸುವ ಹೊತ್ತಿಗೆ ಕುರ್ಚಿಗಳೆಲ್ಲ ಖಾಲಿಯಾಗಿದ್ದವಂತೆ, ಕೆಲವನ್ನು ಮಡಚಿ ಒಯ್ಯುತ್ತಿದ್ದರಂತೆ. ಸಂಕ್ರಾಂತಿ ಆದ ಕೂಡಲೇ ಬ್ಯಾಗು ಕಟ್ಟಿಕೊಂಡು ಮನೆಗೆ ಬರುತ್ತೇನೆ, ಇನ್ನು ಬೂಟು ಹಾಕುವುದಿಲ್ಲ ಎಂದೆ. ನನ್ನ ತಾಯಿ ನಾಟಕ ಕಂಪನಿಗೆ ಅಡುಗೆ ಮಾಡಿದವಳು. ನಾನು ಪರದೆಯ ಹಿಂದೆ ಹುಟ್ಟಿದ ಜೀರುಂಡೆ. ಹುಟ್ಟಿಗೊಂದು, ಸಾವಿಗೊಂದು, ಸೊಸೆ ಮುನಿದರೊಂದು, ಎಲ್ಲದಕ್ಕೂ ನನ್ನಲ್ಲಿ ಸಂಭಾಷಣೆ ಇದೆ. ಅವತ್ತು ಮಾತ್ರ "ಹಲೋ, ಹಲೋ, ಆವಾಜು ಕಟ್ ಆಗ್ತದ" ಎಂದು ನಾನೇ ಫೋನು ಇಟ್ಟೆ. ಪಕ್ಕದಲ್ಲಿದ್ದ ನಿನ್ನ ಅವ್ವ ನನ್ನನ್ನೇ ನೋಡುತ್ತಿದ್ದಳು. "ರಾಜನ ಪಾರ್ಟು ಮಾಡಾವ್ರು ಮಗಳ ಒಂದು ಪ್ರಶ್ನೆಗೆ ಬೆವತ್ರಲ್ರಿ" ಎಂದಳು.

ಬೆವೆತದ್ದು ನಿಜ. ಉತ್ತರ ಬಾಯಲ್ಲಿ ಇಲ್ಲದಿದ್ದರೆ ಕಾಲಲ್ಲಾದರೂ ಇದ್ದೀತು ಎಂದು ಮರುದಿನ ಹೊತ್ತು ಮೂಡುವ ಮುಂಚೆ ಮುಂಬ್ರಾ ಗುಡ್ಡದ ಕಡೆಗೆ ಓಡಲು ಹೊರಟೆ. ಇದರಲ್ಲಿ ನನ್ನ ಮಾನ ಎಷ್ಟು ಹೋಯಿತು ಎಂದು ನಿನಗೆ ಗೊತ್ತಾಗಬೇಕು. ರಂಗದ ಮೇಲೆ ರಾಜನಾದವನು ಎಂದೂ ಓಡುವುದಿಲ್ಲ, ನಡೆದು ಬರುತ್ತಾನೆ. ಏದುಸಿರು ಬಿಡುತ್ತ ಓಡಿ ಬರುವವನು ದೂತ. "ಪ್ರಭೂ, ಪ್ರಮಾದವಾಯಿತು" ಎಂದು ಒಂದೇ ಮಾತು ಹೇಳಿ ಒಳಗೆ ಹೋಗುತ್ತಾನೆ, ಅವನ ಮುಖಕ್ಕೆ ಸರಿಯಾಗಿ ಬಣ್ಣವನ್ನೂ ಹಚ್ಚುವುದಿಲ್ಲ. ಐವತ್ತು ದಾಟಿದ ಮೇಲೆ ನಾನು ರಾಜನಿಂದ ದೂತನಾದೆ. ಸಮುದ್ರದ ನೀರು ಒಳಹೊಕ್ಕ ಖಾಡಿಯ ಮಗ್ಗುಲಲ್ಲಿ ಹಾಲಿನವನೊಬ್ಬ ಸೈಕಲ್ ನಿಲ್ಲಿಸಿ, "ಚಾಚಾ, ಕೌನ್ ಪೀಛೇ ಪಡಾ ಹೈ?" ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿ, ನನ್ನ ಬೆನ್ನ ಹಿಂದೆ ನಿಜವಾಗಿಯೂ ಇಣುಕಿ ನೋಡಿದ. ನಿನ್ನ ಅವ್ವನ ಹಾಡು ಬೇರೆ. "ಮುಂದಿನ ಜನ್ಮಕ್ಕ ಕುದರಿ ಆಗಿ ಹುಟ್ಟ್ರಿ, ಟಾಂಗಾ ಹೂಡಿ ನಾನರ ಕುಂದರ್ತೀನಿ." ಆದರೆ ಬದುಕೆಲ್ಲ ಮೂಟೆ ಹೊತ್ತ ಕಾಲು, ಬೆನ್ನ ಮೇಲೆ ಭಾರ ಇಲ್ಲದೆ ಬಿಟ್ಟರೆ ಅದಕ್ಕೆ ನಿಲ್ಲುವುದು ಗೊತ್ತಿಲ್ಲ. ಕೆಲವು ವಾರಗಳಲ್ಲಿ ಹುಡುಗರನ್ನು ಹಿಂದೆ ಹಾಕತೊಡಗಿದೆ. ನಮ್ಮ ನಾಟಕದ ಮೇಳದಲ್ಲಿ ಹಾರ್ಮೋನಿಯಂ ಬಾರಿಸುವ ಭೀಮು ಇದನ್ನು ನೋಡಿ ಸುಮ್ಮನಿರಲಿಲ್ಲ. ಸಾನಪಾಡಾದ ಕಡೆ ಭಾನುವಾರ ನಡೆಯುವ ಹತ್ತು ಕಿಲೋಮೀಟರ್ ಸ್ಪರ್ಧೆಯಲ್ಲಿ, ಐವತ್ತು ದಾಟಿದವರ ವರ್ಗದಲ್ಲಿ, ನನ್ನ ಹೆಸರು ಹಚ್ಚಿಬಿಟ್ಟ.

ವಸಂತಕುಮಾರರೇ, ಇಲ್ಲಿಂದ ದನಿ ಏರಲಿ. ಹೋದ ಭಾನುವಾರ! ಸೂರ್ಯನಿನ್ನೂ ಖಾಡಿಯಿಂದ ತಲೆ ಎತ್ತಿಲ್ಲ. ಎದೆಗೆ ಅಂಕಿ ಚುಚ್ಚಿಕೊಂಡ ಸೈನ್ಯ ಸಮುದ್ರದ ಹಾಗೆ ಅಲ್ಲಾಡುತ್ತಿದೆ. ಓಟ ಶುರುವಾಯಿತು, ಮುಂದೆ ಹೋದವರು ಹೋದರು, ನನ್ನ ವರ್ಗದಲ್ಲಿ ನನಗಿಂತ ಮುಂದೆ ಇದ್ದವರು ಇಬ್ಬರೇ. ಮೂರನೆಯವನಾಗಿ ನಾನು ಫ್ಲೈಓವರಿನ ಬುಡಕ್ಕೆ ಬಂದೆ. ಏರಿನ ತುದಿಯಲ್ಲಿ ಭೀಮು, ನಮ್ಮ ಮೇಳದವರು, ಮಾರ್ಕೆಟ್ಟಿನ ಹಮಾಲರು, ಹಲಗೆ ಹಿಡಿದು ನಿಂತಿದ್ದಾರೆ. ಹಲಗೆ ಗುಡುಗಿತು. ನನ್ನ ತಲೆಯ ಮೇಲೆ ಕಿರೀಟ ಬಂದು ಕೂತ ಹಾಗಾಯಿತು. ಎದೆ ಉಬ್ಬಿಸಿ ಏರನ್ನು ಎಂಥ ಗತ್ತಿನಲ್ಲಿ ಏರಿದೆನೆಂದರೆ, ಭೀಮುವಿಗೆ ತಡೆಯಲಾಗಲಿಲ್ಲ. ಕೈ ಎತ್ತಿ ಕೂಗಿದ: "ಒನ್ಸ್ ಮೋರ್!" ಎಲ್ಲರೂ ಕೂಗಿದರು: "ಒನ್ಸ್ ಮೋರ್! ಒನ್ಸ್ ಮೋರ್!"

ಮಗಳೇ, ನಿನಗೆ ಇದು ತಿಳಿಯದು, ಕಂಪನಿ ನಾಟಕದ ಮಕ್ಕಳಿಗೆ ಮಾತ್ರ ತಿಳಿದೀತು. ಪ್ರೇಕ್ಷಕರು ಒನ್ಸ್ ಮೋರ್ ಎಂದರೆ ಹಾಡಿದ್ದನ್ನು ಮತ್ತೆ ಹಾಡಬೇಕು. ಯುದ್ಧದಲ್ಲಿ ಸತ್ತು ಬಿದ್ದ ರಾಜನೂ ಎದ್ದು ಕೂತು, ಪದ ಹಾಡಿ, ಮತ್ತೊಮ್ಮೆ ಒಪ್ಪವಾಗಿ ಸಾಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅನ್ನ ಹಾಕುವ ದೇವರು ಕೇಳಿದಾಗ ಇಲ್ಲ ಎನ್ನುವ ನಟ ನಟನಲ್ಲ. ನನ್ನ ಬುದ್ಧಿಯನ್ನು ಕೇಳದೆ ನನ್ನ ಕಾಲು ತಿರುಗಿತು. ಮೇಳಕ್ಕೆ ಒಂದು ನಮಸ್ಕಾರ ಹೊಡೆದು, ಏರಿ ಬಂದ ಏರನ್ನು ಇಳಿಯತೊಡಗಿದೆ! ಎದುರಿನಿಂದ ಬರುವ ಓಟಗಾರರು ಬೈದು ದಾರಿ ಬಿಟ್ಟರು. ನೀರು ಕೊಡುವ ಹುಡುಗಿ "ಕಾಕಾ, ಫಿನಿಶ್ ತಿಕಡೇ ಆಹೇ!" ಮುಕ್ತಾಯ ಆ ಕಡೆಗಿದೆ ಎಂದು ಚೀರಿದಳು. ಭೀಮು ಹಲಗೆ ಎಸೆದು, "ಏ ಹುಚ್ಚಪ್ಪಾ! ಮುಂದ ಓಡೋ! ಚ್ಯಾಷ್ಟಿಗಿ ಅಂದ್ನೋ ಮಾರಾಯಾ!" ಎಂದು ಬಾಯಿ ಬಡಿದುಕೊಂಡ. ನನಗೆ ಕೇಳಿದ್ದು ಚಪ್ಪಾಳೆ ಮಾತ್ರ. ಏರಿನ ಬುಡ ಮುಟ್ಟಿ ತಿರುಗಿ ನಿಂತಾಗ ಮತಿ ಬಂತು. ಅಯ್ಯೋ ಹುಲಗಪ್ಪಾ, ಇದು ನಾಟಕವಲ್ಲ!

ಎರಡನೆಯ ಸಲ ಏರತೊಡಗಿದೆ. ತಲೆ ಎತ್ತಿ ನೋಡಿದರೆ ಮೇಲೆ ಯಾರೂ ಇಲ್ಲ. ಮೇಳದವರು ತಲೆ ಚಚ್ಚಿಕೊಂಡು ಮುಕ್ತಾಯದ ಕಡೆಗೆ ಹೊರಟು ಹೋಗಿದ್ದರು. ಹಲಗೆ ಇಲ್ಲ, ಕೂಗಿಲ್ಲ. ಅರ್ಧ ಏರಿನಲ್ಲಿ ತೊಡೆಗೆ ಬೆಂಕಿ ಬಿತ್ತು. ನಿಂತರೆ ಕೇಳುವವರು ಯಾರು? ನಡೆದರೆ ನೋಡುವವರು ಯಾರು? ಹುಟ್ಟಿದಾರಭ್ಯ ನೋಡುವವರಿಲ್ಲದೆ ಈ ಹುಲಗಪ್ಪ ಒಂದು ಕೈ ಎತ್ತಿದವನಲ್ಲ ಮಗಳೇ. ಮೂಟೆ ಹೊರುವಾಗಲೂ ಯಾರಾದರೂ ಭಲೆ ಅನ್ನಲಿ ಎಂದು ಸೊಂಟ ತಿರುಗಿಸಿದವನು. ಆದರೂ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ನನಗೂ ತಿಳಿಯದು. ನನ್ನ ಉಸಿರು ಭೀಮುವಿನ ಹಳೆಯ ಪೆಟ್ಟಿಗೆಯ ತಿದಿಯ ಹಾಗೆ ಹುಸ್ ಹುಸ್ ಎನ್ನುತ್ತಿತ್ತು. ಅದನ್ನು ಕೇಳುತ್ತಿದ್ದವನು ನಾನೊಬ್ಬನೇ. ಮೊದಲ ಸಲ ಏರಿದ್ದು ನನಗೆ ನೆನಪೇ ಇಲ್ಲ, ಬರೀ ಹಲಗೆ ನೆನಪಿದೆ. ಎರಡನೆಯ ಏರಿನ ಡಾಂಬರಿನ ಒಂದೊಂದು ಬಿರುಕೂ ಈಗ ಕಣ್ಣೆದುರು ಇದೆ.

ಮೂರನೆಯ ಬಹುಮಾನ ಡೊಂಬಿವಲಿಯ ಒಬ್ಬ ನಿವೃತ್ತ ಮಾಸ್ತರರ ಕೊರಳಿಗೆ ಹೋಯಿತು. ನಾನು ಗುರಿ ಮುಟ್ಟುವಾಗ ಅವರು ಫೋಟೋಕ್ಕೆ ನಿಂತಿದ್ದರು. ಭೀಮು ನನ್ನ ಮುಖ ನೋಡದೆ, "ಇನ್ನ ನಾ ಬಾಯಿ ತೆರಿಯೂದಿಲ್ಲೋ" ಎಂದ. ಮನೆಗೆ ಬಂದರೆ ನಿನ್ನ ಅವ್ವ ನಕ್ಕು ನಕ್ಕು ಗೋಡೆ ಹಿಡಿದಳು. ಆಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲ ಬುಡದಲ್ಲಿ ತಂದಿಟ್ಟಳು, ನಗು ನಿಲ್ಲಿಸದೆಯೇ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಲೋಕಲ್ ರೈಲಿನಲ್ಲಿ ಜಾಗ ಸಿಕ್ಕರೂ ನಿಂತೇ ಬರುತ್ತೇನೆ. ಊಟಕ್ಕೆ ಕೂತರೆ ಹಿಮ್ಮಡಿ ತಾಳ ಹಾಕುತ್ತದೆ. "ಇರಿವಿ ಹೊಕ್ಕಾವೇನ್ರಿ ಕಾಲಾಗ?" ಎಂದು ಅವಳು ಕೇಳುತ್ತಾಳೆ. ಇರುವೆಯಲ್ಲ. ನೀನು ಕೇಳಿದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತೆಂದು ಸುಳ್ಳು ಹೇಳಲಾರೆ. ಪ್ರಶ್ನೆ ನಿನ್ನ ಬಾಯಿಂದ ಇಳಿದು ನನ್ನ ಕಾಲಿಗೆ ಬಂದಿದೆ, ಅಷ್ಟೆ. ಖಾಲಿ ಕುರ್ಚಿಗಳ ಎದುರು ನೀನು ಓಡಿದ ಆ ಕೊನೆಯ ಸುತ್ತು ಎಂಥದ್ದೆಂದು ಅವತ್ತು ಫೋನಿನಲ್ಲಿ ನನಗೆ ತಿಳಿಯಲಿಲ್ಲ. ಈಗ ಸ್ವಲ್ಪ ತಿಳಿದಿದೆ.

ಸಭೆಗೆ ಶರಣು. ಗುಡ್ಡದ ಮೇಲಿನ ಹುಡುಗಿಯರೆಲ್ಲರ ಕಾಲಿಗೂ ಗಾಳಿಯ ಬಲ ಬರಲಿ, ವಸಂತಕುಮಾರರ ಸಾರಿಗೆ ಉಪ್ಪು ಹದವಾಗಿರಲಿ. ನಿನಗೆ ಅವ್ವ ದೃಷ್ಟಿ ತೆಗೆದ ಲಟಿಕೆ, ನನ್ನ ನೂರು ಹರಕೆ.

ಇಂತು ನಿನ್ನ ಅಪ್ಪ,
ಮಾಜಿ ರಾಜ, ಹಾಲಿ ದೂತ,
ಹುಲಗಪ್ಪ

ತಾ.ಕ.: ಲಾರಿಯವ ಹಾರ್ನು ಹೊಡೆಯುತ್ತಿದ್ದಾನೆ. ವಸಂತಕುಮಾರರೇ, ಇದನ್ನು ಸಭೆಗೆ ಕೂಗಬೇಡಿ. ಮಾತು ಮರೆತ ನಟನಿಗೆ ಪರದೆಯ ಅಂಚಿನಿಂದ ಹೇಳಿಕೊಡುವ ಹಾಗೆ, ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿ. ದಾನವ್ವಾ, ನಿನ್ನ ಮಂಚದ ಮೇಲಿದ್ದ ನನ್ನ ವೇಷದ ಟ್ರಂಕನ್ನು ಇಳಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬರುವುದಾದರೆ ಬಾ, ದಾನಮ್ಮ ಓಡಿ ಬಂದಳು ಎಂದು ಈ ಚಾಳಿನಲ್ಲಿ ಯಾರೂ ಅನ್ನುವಂತಿಲ್ಲ, ರಾಣಿಯ ಹಾಗೆ ನಡೆದು ಬಾ. ಆದರೆ ಬ್ಯಾಗು ಕಟ್ಟುವ ಮುಂಚೆ, ಯಾರೂ ಏಳದ ಹೊತ್ತಿನಲ್ಲಿ, ಆ ಗುಡ್ಡವನ್ನು ಇನ್ನೊಂದು ಸಲ ಓಡಿ ನೋಡು. ಜೀವಮಾನವೆಲ್ಲ ಜನರಿಂದ ಕೂಗಿಸಿಕೊಂಡವನು ನಾನು, ಯಾರಿಗೂ ಕೂಗಿದವನಲ್ಲ. ಇವತ್ತು ಮೊದಲ ಸಲ ಕುರ್ಚಿಯಲ್ಲಿ ಕೂತು ಕೂಗುತ್ತಿದ್ದೇನೆ: ಮಗಳೇ, ಒನ್ಸ್ ಮೋರ್. ನಾನೂ ಮತ್ತೊಂದು ಓಟಕ್ಕೆ ಹೆಸರು ಹಚ್ಚಿದ್ದೇನೆ. ಭೀಮುವಿಗೆ ಹೇಳಿಲ್ಲ, ನಿನ್ನ ಅವ್ವನಿಗೂ ಹೇಳಿಲ್ಲ. ನಾಳೆ ಬೆಳಿಗ್ಗೆ ಮೊದಲ ಲೋಕಲಿಗೆ ಕಲ್ಯಾಣಕ್ಕೆ ಹೋಗಿ, ನನ್ನನ್ನು ಯಾರೂ ಗುರುತಿಸದ ರಸ್ತೆಯಲ್ಲಿ ಓಡುತ್ತೇನೆ.