ಉಳಿದ ಎರಡು ಪಟ್ಟಿ

ಯಡ್ರಾವ

ಡಾಕ್ಟರಬಾಯಿ ಪ್ರೇರಣಾ ಅವರಿಗೆ ಸನ್ಮತಿ ಮಾಡುವ ಜಯ ಜಿನೇಂದ್ರ.

ಅವ್ವನ ಹಿಮ್ಮಡದ ಗಾಯ ಪೂರಾ ಮಾಯ್ದೈತ್ರಿ. ರಕ್ತ ತೆಳ್ಳಗ ಮಾಡೂ ಗುಳಿಗಿ ನಡದಿದ್ರೂ ಈಗ ಒಂದು ಹನಿ ಒಸರೂದಿಲ್ಲ.

ಮೊದಲ ನೀವು ಜೇನಿನ ಮುಲಾಮು ಬರದಾಗ, ಜೈನರ ಮನ್ಯಾಗ ಜೇನು ನಡಿಯೂದಿಲ್ಲ ಅಂತ ನಾನ ಜಗಳ ತಗದಿದ್ದೆ. ಅದಕ್ಕ ನೀವು ಗಾಯದ ರಕ್ತ ನಿಲ್ಲಸೂ ಆ ಬಿಳಿ ಪಟ್ಟಿ ಕೊಟ್ರಿ. ಹತ್ತಿ ಬಟ್ಟೀದು ಅಂತ ತಿಳಕೊಂಡೆ, ಯಾತರದು ಅಂತ ಕೇಳಲಿಲ್ಲ. ಸಿಗಡಿ ಮೀನಿನ ಚಿಪ್ಪಿನಿಂದ ಮಾಡಿದ್ದು ಅಂತ ಆಮ್ಯಾಲೆ ಔಷಧ ಅಂಗಡ್ಯಾಂವ ಹೇಳಿದ. ಅಷ್ಟೊತ್ತಿಗೆ ರಕ್ತ ನಿಂತಿತ್ತು. ಅಗದ್ರ ಮಣ್ಣಾಗಿನ ಜೀವ ಸಾಯ್ತಾವ ಅಂತ ಅವ್ವ ಬಟಾಟಿ ಸುದ್ದಾ ಮುಟ್ಟೂದಿಲ್ಲ. ಆಕಿಗೆ ಹೇಳಬ್ಯಾಡ್ರಿ ಅಂತ ನಿಮಗ ಫೋನ್ ಮಾಡಿದ್ದೆ, ನೆನಪಿರಬೇಕು.

ಮೊನ್ನೆ ಕ್ಷಮಾವಾಣಿ ಇತ್ತು, ಎಲ್ಲಾ ಜೀವಗಳ ಕ್ಷಮಾ ಬೇಡೂ ದಿನ. ಅವ್ವ ಮನಿ ಮಂದಿಗೆಲ್ಲಾ ಕೈ ಮುಗದಳು, ನಮ್ಮ ಮಗ್ಗದ ಕೆಲಸದವರಿಗೂ ಮುಗದಳು. ಕಡೀಕ ಕಪಾಟ ತಗದು ಆ ಪಟ್ಟಿ ಡಬ್ಬಿಗೆ ಕೈ ಮುಗದಳು. ಅದು ಸಿಗಡೀದು ಅಂತ ಆಕಿಗೆ ಯಾರು ಹೇಳಿದ್ರೋ, ಗೊತ್ತಿಲ್ಲ.

ಎರಡು ಪಟ್ಟಿ ಉಳದಾವ. ಈ ಚೀಟಿ ಜೋಡಿ ಕಳಸೇನಿ, ಬ್ಯಾರೆ ಯಾರಿಗರ ಹಚ್ರಿ. ನಾ ತಿಪ್ಪಿಗೆ ಒಗದು ಬರಾಕ ಹೊಂಟಿದ್ದೆ, ಅವ್ವ ಕೈ ಹಿಡದಳು. "ಆ ಸಿಗಡಿಗೋಳ ಜೀವ ಹೋಗೈತಿ, ಅದನ್ನ ಕಸಾ ಮಾಡಬ್ಯಾಡೋ" ಅಂದಳು.

ಉತ್ತಮ ಕ್ಷಮಾ ಬೇಡುವ,
ಸನ್ಮತಿ