ಬುಲ್ಲಿಗೊಂದು ಉದಾಹರಣೆ

ಜೂನ್ 12, ಗುರುವಾರ

ಮಾನ್ಯ ಸಭಿಕರೇ, ಪ್ರಾಸಪ್ರಿಯರೇ, ಇಂದು ಶಬ್ದವೊಂದು ನನ್ನ ತಲೆಯ ಮೇಲೆ ಬಿದ್ದ ಸಮಾಚಾರ ಕೇಳಿ.

ಊಟಕ್ಕೆ ಕುಳಿತಾಗ ಮಗಳು ಕೇಳಿದಳು: "ಅಪ್ಪಾ, ಇಂಗ್ಲಿಷಿನ ಬುಲ್ಲಿ ಅನ್ನೋ ಪದಕ್ಕೆ ಹಿಂದೆ ಏನರ್ಥ ಇತ್ತು ಗೊತ್ತಾ? ಮುದ್ದು, ಚಿನ್ನ ಅಂತ!"

"ಆಹಾ! ಆಮೇಲೆ?"

"ಆಮೇಲೆ ಒಳ್ಳೇ ಗೆಳೆಯ, ಆಮೇಲೆ ಜಂಬಗಾರ. ಈಗ, ತಿರುಗಿ ಹೇಳಲಾಗದವರನ್ನ ಗೋಳು ಹುಯ್ಕೊಳ್ಳೋನು. ಕ್ಲಾಸಲ್ಲಿ ಉದಾಹರಣೆ ಕೊಡಬೇಕಿತ್ತು. ನಿನ್ನನ್ನೇ ಕೊಟ್ಟೆ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅವಳ ಗೆಳತಿಯರು ಮನೆಗೆ ಬಂದಾಗಲೆಲ್ಲ "ಉಬ್ಬಿದ ಕೆನ್ನೆ, ಉರುಳುವ ಬೆಣ್ಣೆ" ಎಂದು ಅವಳನ್ನು ಕೂಗಿ ಕರೆಯುವುದು ನನ್ನ ಪದ್ಧತಿ. ಅದು ಮುದ್ದು ಎಂದೇ ನನ್ನ ಎಣಿಕೆ.

"ತಮಾಷೆ ಕಣೇ," ಎಂದೆ.

"ಅವರೀಗ ಶಾಲೇಲೂ ನನ್ನನ್ನ ಹಾಗೇ ಕರೀತಾರೆ," ಎಂದು ತಟ್ಟೆ ಎತ್ತಿಕೊಂಡು ಎದ್ದು ಹೋದಳು.

"ಈಗ ಗೊತ್ತಾಯ್ತಾ ನಿಮಗೆ?" ಎಂದಳು ಹೆಂಡತಿ. ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು!

ತಪ್ಪಾಯಿತು ಎನ್ನಲು ಮಗಳ ಕೋಣೆಯ ಬಾಗಿಲವರೆಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಪ್ರಾಸವೇ. ಬಾಗಿಲು ತಟ್ಟದೆ ವಾಪಸು ಬಂದೆ. ಪ್ರಾಸವಿಲ್ಲದೆ ಮಗಳ ಜೊತೆ ಮಾತಾಡಲು ನನಗೆ ಬರುವುದಿಲ್ಲ.